ಅಂಗೈಯಿಂದ ಹಾಡು ಕೇಳುತ್ತಿದ್ದವರು

ಅವರು ತೀರಿಕೊಂಡು ಎರಡು ತಿಂಗಳಾಯಿತು. ನನಗಿನ್ನೂ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಒಳ್ಳೆಯದು ಬೇಕಾದಷ್ಟಿದೆ, ಬರೆಯುತ್ತೇನೆ. ಆದರೆ ಸಿಟ್ಟನ್ನು ತೆಗೆದಿಟ್ಟು ಬರೆದರೆ ಅದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಆಗುತ್ತದೆ. ಅಂಥವನ್ನು ನಾನು ಸರ್ವಿಸ್ಸಿನಲ್ಲಿದ್ದಾಗ ನೂರಾರು ಬರೆದುಕೊಟ್ಟಿದ್ದೇನೆ, ಒಂದರಲ್ಲೂ ಒಬ್ಬ ಹುಡುಗಿಯ ಮುಖ ಕಾಣಿಸುವುದಿಲ್ಲ.

ಹೆಸರು ಹಾಕುವುದಿಲ್ಲ. ಅದು ಅವರದೇ ಮಾತು. "ಮೂವತ್ತು ವರ್ಷ ಭೋಂಗಾದ ಮ್ಯಾಲ ನನ್ನ ಹೆಸರು ಬರ್ಸಿ ಊರೂರು ತಿರಗೀನ್ರಿ ಮೇಡಂ. ಈಗ ಸಾಕು," ಅನ್ನುತ್ತಿದ್ದರು. ಭೋಂಗಾ ಎಂದರೆ ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರು. ಭಾಲ್ಕಿಯಲ್ಲಿ ಅವರದು ಮೈಕ್ ಸೆಟ್ ಅಂಗಡಿ. ಮದುವೆ, ಪುರಾಣ, ಎಲೆಕ್ಷನ್ ಭಾಷಣ, ಎಲ್ಲಿ ಸದ್ದು ಬೇಕೋ ಅಲ್ಲಿಗೆ ಅವರ ಗಾಡಿ ಹೋಗುತ್ತಿತ್ತು. ವಯಸ್ಸಾದ ಮೇಲೆ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ತಾವು ರಿಪೇರಿ ಮಾತ್ರ ನೋಡಿಕೊಂಡಿದ್ದರು. ಇಂಥ ಮನುಷ್ಯ ನನ್ನ ತಂಗಿಗೆ ಸಾಫ್ಟ್ ಮ್ಯೂಸಿಕ್ ಆರಿಸಿಕೊಡಲು ಬಂದರು ಎಂದರೆ ನನ್ನ ಗೆಳತಿಯರು ಇವತ್ತಿಗೂ ನಗುತ್ತಾರೆ.

ನನ್ನ ತಂಗಿ ಸುಶೀಲಾ ಹೈದರಾಬಾದಿನ ಕಾನ್ವೆಂಟೊಂದರಲ್ಲಿ ಪಿಯಾನೊ ಟೀಚರ್ ಆಗಿದ್ದವಳು. ನಾವಿಬ್ಬರೂ ಓದಿದ್ದು ಅಲ್ಲೇ, ಬೋರ್ಡಿಂಗಿನಲ್ಲಿ. ನಾನು ಬೀದರಿಗೆ ಮರಳಿ ಇಂಗ್ಲಿಷ್ ಟೀಚರ್ ಆದೆ, ಕೊನೆಗೆ ಹೆಡ್‌ಮಿಸ್ಟ್ರೆಸ್ ಆದೆ. ರಿಟೈರ್ ಆದ ಮೇಲೆ ಅವಳು ನನ್ನ ಮನೆಗೇ ಬಂದಳು. ನಾಲ್ಕು ವರ್ಷಗಳ ಹಿಂದೆ ಅವಳಿಗೆ ಒಂದು ಸಣ್ಣ ಸ್ಟ್ರೋಕ್ ಆಯಿತು. ಕೈ ಮರಳಿತು, ಕಾಲು ಮರಳಿತು, ಮಾತೂ ಮರಳಿತು. ಆದರೆ ಸದ್ದು ತಾಳದಾಯಿತು. ತಟ್ಟೆಗೆ ಚಮಚ ತಗುಲಿದರೆ ಯಾರೋ ಹೊಡೆದವರಂತೆ ತಲೆ ಒಳಗೆಳೆದುಕೊಳ್ಳುವಳು. ಕುಕ್ಕರ್ ಸೀಟಿ ಹೊಡೆದರೆ ಅಳುವಳು. ನಡುವಿನ ಕೋಣೆಯ ಕಿಟಕಿಗೆ ರಜಾಯಿ ಕಟ್ಟಿಕೊಂಡು ಒಳಗೆ ಕುಳಿತುಬಿಟ್ಟಳು.

ಡಾಕ್ಟರರು ಕಿವಿ ಪರೀಕ್ಷೆ ಮಾಡಿಸಿ, "ಹಿಯರಿಂಗ್ ಪರ್ಫೆಕ್ಟ್ ಅದ ಮೇಡಂ," ಎಂದರು. ಅದು ಪರ್ಫೆಕ್ಟ್ ಆಗಿರುವುದೇ ನಮ್ಮ ಕಷ್ಟ ಎಂದು ಅವರಿಗೆ ತಿಳಿಸುವುದರಲ್ಲಿ ನಾನು ಸೋತೆ. ಕಡೆಗೆ ಅವರು, "ಸ್ವಲ್ಪ ಸ್ವಲ್ಪ ಸಾಫ್ಟ್ ಮ್ಯೂಸಿಕ್ ಕೇಳಸ್ರಿ, ರೂಢಿ ಆಗ್ತದ," ಎಂದು ಬರೆದುಕೊಟ್ಟರು. ಯಾವ ಸಾಫ್ಟ್ ಮ್ಯೂಸಿಕ್? ಅದನ್ನು ಬರೆದಿರಲಿಲ್ಲ. ನಾನು ಫೋನಿನಲ್ಲಿ ಹುಡುಕಿ ಕೊಳಲು ಹಚ್ಚಿದೆ. ಅವಳು ಹಲ್ಲು ಕಚ್ಚಿ ಕುಳಿತಳು. ಮೂರನೆಯ ನಿಮಿಷಕ್ಕೆ ಕೊಳಲು ನಿಂತು ಯಾವುದೋ ಪೇಂಟಿನ ಜಾಹೀರಾತು ಕಿರುಚಿತು. ಫೋನು ಅವಳ ಕೈಯಿಂದ ಗೋಡೆಗೆ ಹೋಯಿತು. ಆಮೇಲೆ ಆರು ತಿಂಗಳು ಆ ಕೋಣೆಯಲ್ಲಿ ಸಂಗೀತದ ಹೆಸರೆತ್ತುವಂತಿರಲಿಲ್ಲ. ಜೀವಮಾನವಿಡೀ ಸಂಗೀತದಲ್ಲೇ ಇದ್ದವಳು! ಅವಳು ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೇಳಬೇಕು, ನಾನು ಪಕ್ಕದಲ್ಲಿ ಕುಳಿತು ಅದನ್ನು ನೋಡಬೇಕು. ನನಗೆ ಬೇರೆ ಆಸೆ ಉಳಿದಿರಲಿಲ್ಲ.

ನಮ್ಮ ಓಣಿಯ ಗುಡಿಯಲ್ಲಿ ಸೋಮವಾರ ಸೋಮವಾರ ಭಜನೆ. ಭೋಂಗಾದ ಬಾಯಿ ನೇರ ನಮ್ಮ ಕಿಟಕಿಗೆ. ಮಂಡಳಿಗೆ ನಾನು ಕೈಮುಗಿದು ಹೇಳಿದೆ, ಆಮೇಲೆ ಅಚ್ಚ ಇಂಗ್ಲಿಷಿನಲ್ಲಿ ಎರಡು ಪಿಟಿಶನ್ ಬರೆದೆ. ಮಂಡಳಿಯ ಹಿರಿಯರು ಪಿಟಿಶನ್ ಓದಿಸಿಕೊಂಡು, "ಅಕ್ಷರ ಭಾಳ ಚಂದ ಅವ ಟೀಚರಮ್ಮ," ಎಂದು ಹೊಗಳಿದರು. ಭೋಂಗಾ ಅಲುಗಲಿಲ್ಲ. ಒಂದು ದಿನ ಅವರ ಮಷಿನ್ನೇ ಕೆಟ್ಟಿತು. ರಿಪೇರಿಗೆ ಭಾಲ್ಕಿಯಿಂದ ಇವರು ಬಂದರು. ಮತ್ತೆ ಸದ್ದು ಶುರುವಾಗುವ ಮೊದಲೇ ತಡೆಯೋಣವೆಂದು ನಾನು ಗೇಟಿನ ಹೊರಗೆ ಹೋಗಿ ಜಗಳಕ್ಕೆ ನಿಂತೆ. ಬಿಳಿ ಪೈಜಾಮ, ಹೆಗಲ ಮೇಲೆ ಟವೆಲ್, ತೆಳ್ಳನೆಯ ಮನುಷ್ಯ. ನನ್ನ ಭಾಷಣವೆಲ್ಲ ಮುಗಿಯುವವರೆಗೆ ಏಣಿಯ ಮೇಲೆ ನಿಂತೇ ಕೇಳಿದರು. ಆಮೇಲೆ ಎರಡು ನಟ್ಟು ಸಡಿಲಿಸಿ ಭೋಂಗಾದ ಬಾಯನ್ನು ಖಾಲಿ ಸೈಟಿನ ಕಡೆಗೆ ತಿರುಗಿಸಿದರು.

ಇಳಿದು ಬಂದು ಕೇಳಿದರು, "ಯಾರಿಗಿ ತ್ರಾಸ ಆಗ್ತದರಿ?"

"ನನ್ನ ತಂಗಿಗೆ."

"ನೋಡಬೌದೇನ್ರಿ?"

ಒಳಗೆ ಬರುವ ಮೊದಲು ಅವರು ಮಾಡಿದ್ದನ್ನು ಹೇಳಬೇಕು. ಜೇಬಿನಿಂದ ಬೀಗದ ಕೈಗಳ ಗೊಂಚಲನ್ನು ತೆಗೆದು ಟವೆಲಿನಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟರು. ವಾಚು ಬಿಚ್ಚಿದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ನೆಲಕ್ಕಿಟ್ಟರು. ನಾಲ್ವರು ಸ್ಪೆಷಲಿಸ್ಟರನ್ನು ಕಂಡಿದ್ದೆವು, ಒಬ್ಬರಾದರೂ ಹೀಗೆ ಮಾಡಿರಲಿಲ್ಲ.

ಸುಶಿಯ ಎದುರು ನೆಲದ ಮೇಲೆ ಕುಳಿತು ಅರ್ಧ ಗಂಟೆ ಅವಳ ಮುಖ, ಕೈ ನೋಡುತ್ತಿದ್ದರು. ಆಮೇಲೆ ಕೇಳಿದರು, "ಯಾವ ಆವಾಜಿಗಿ ತ್ರಾಸ ಆಗಲ್ಲ?"

"ಯಾವುದೂ ಇಲ್ಲ, ಎಲ್ಲಾದಕ್ಕೂ ಆಗ್ತದ," ಎಂದೆ ನಾನು.

"ನಿಮಗ ಕೇಳಿಲ್ರಿ ಮೇಡಂ. ತಾಯಿಗಿ ಕೇಳೀನಿ."

ಸುಶಿ ಹಿತ್ತಿಲ ಕಡೆ ತಿರುಗಿ, "ಗಿರಣಿ," ಎಂದಳು.

ನಮ್ಮ ಹಿತ್ತಿಲ ಗೋಡೆಯಾಚೆ ಹಿಟ್ಟಿನ ಗಿರಣಿ ಇದೆ. ದಿನವಿಡೀ ಗರಗರ ಎನ್ನುತ್ತದೆ. ಅದರ ಸದ್ದಿಗೆ ನನಗೇ ತಲೆ ಸಿಡಿಯುತ್ತಿತ್ತು. ಚಮಚದ ಸದ್ದಿಗೆ ಅಳುವವಳಿಗೆ ಅದು ಏನೂ ಮಾಡುತ್ತಿರಲಿಲ್ಲವಂತೆ. ಅದು ನಿಂತಾಗಲೇ ಅವಳಿಗೆ ಭಯವಂತೆ. ಎರಡು ವರ್ಷ ಅದೇ ಮನೆಯಲ್ಲಿದ್ದೂ ನಾನು ಕೇಳಿರಲಿಲ್ಲ. ಅವರು ಎದ್ದು ಹೋಗಿ ಹಿತ್ತಿಲ ಗೋಡೆಗೆ ಅಂಗೈ ಒತ್ತಿ ನಿಂತರು. ಒಬ್ಬ ಡಾಕ್ಟರು ನಾಡಿ ನೋಡಿದಂತೆ. "ಇದು ದಪ್ಪನ ಆವಾಜ್ರಿ. ಒಂದೇ ಸಮ ಅದ, ಮೊನಿ ಇಲ್ಲ," ಎಂದರು. "ನೀವು ಸಣ್ಣ ಆವಾಜ ಹುಡಕೀರಿ. ಸಣ್ಣದು ಅಂದ್ರ ಮೆತ್ತಗದು ಅಂತ ತಿಳದೀರಿ. ಸೂಜಿನೂ ಸಣ್ಣದೇ ಅದಲ್ರಿ ಮೇಡಂ."

ಮುಂದಿನ ವಾರದಿಂದ ಪ್ರತಿ ಗುರುವಾರ ಭಾಲ್ಕಿಯ ಬಸ್ಸಿಗೆ ಬರತೊಡಗಿದರು. ಗಿರಣಿಯಂಥ ಸಂಗೀತ ಹುಡುಕಲು! ನನ್ನ ಕಾನ್ವೆಂಟ್ ರಕ್ತಕ್ಕೆ ಅದು ಎಷ್ಟು ಉರಿಯಿತೋ. ಹಳೆಯ ಸ್ಪೀಕರೊಂದನ್ನು ತಂದು, ಅದರ ಮೂತಿಯಲ್ಲಿದ್ದ ಸಣ್ಣ ಟ್ವೀಟರನ್ನು ಕಿತ್ತು ಹಾಕಿದರು. ಚುಚ್ಚುವ ಸ್ವರಗಳೆಲ್ಲ ಬರುವುದು ಅದರಿಂದಲೇ ಅಂತೆ. ಉಳಿದದ್ದನ್ನು ಗೋಡೆಯ ಕಡೆ ಮುಖ ಮಾಡಿಸಿ ಮೇಲೆ ದಿಂಬು ಹೊದಿಸಿದರು. ಹಚ್ಚುವ ಮೊದಲು ಮೇಜಿನ ಮೇಲೆ ಅಂಗೈ ಇಡುವರು. ಅವರ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಸದಾ ಕುಂಯ್ ಎನ್ನುವ ಸದ್ದು, ಜೋರಾದದ್ದೇನಾದರೂ ಬಿದ್ದರೆ ಅವರಿಗೂ ನೋವು. ಹೀಗಾಗಿ ಅರ್ಧ ಹಾಡನ್ನು ಅವರು ಕೈಯಿಂದಲೇ ಕೇಳುತ್ತಿದ್ದರು.

ನಾನು ಆರಿಸಿದ್ದೆಲ್ಲ ಫೇಲ್. ಲಾಲಿ ಹಾಡು ತಂದೆ, ಹಾಡುವಾಕೆಯ ಬಳೆ ಕೇಳಿಸುತ್ತದೆ ಎಂದರು. ಸಂತೂರ್ ತಂದೆ, "ಇದು ಆಣೆಕಲ್ಲಿನ ಮಳಿ," ಎಂದರು. ಕೊನೆಗೆ, ಮನಸ್ಸು ಗಟ್ಟಿ ಮಾಡಿ, ಪಿಯಾನೊ. ಅಂಗೈ ಇಟ್ಟು ಒಂದು ಕ್ಷಣ ಕೇಳಿ ನಿಲ್ಲಿಸಿದರು. "ಒಳಗ ಸುತ್ತಗಿ ಅವಲ್ರಿ? ಒಂದೊಂದು ಸ್ವರಾನೂ ಸುತ್ತಗಿ ಏಟು." ಸುಶಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳಿಗೆ ಅದು ಮೊದಲೇ ಗೊತ್ತಿತ್ತು, ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಳು.

ಅವರು ಮೊದಲು ತಂದದ್ದು ಬರೀ ತಂಬೂರಿ. ಎರಡು ನಿಮಿಷ. ಅದನ್ನೂ ಪೂರ್ಣ ಮೌನದಿಂದ ಎಳೆದೆಳೆದು, ಬಾವಿಯಿಂದ ಕೊಡ ಸೇದುವಂತೆ, ವಾಲ್ಯೂಮಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮೇಲೆ ತರುವರು. ಹಾಡುಗಳ ಆರಂಭವನ್ನೆಲ್ಲ ಕತ್ತರಿಸಿ ಬಿಸಾಡುತ್ತಿದ್ದರು. "ಹಾಡು ಏನೂ ಮಾಡಲ್ರಿ. ಅದು ಬಾಗಲಾ ದೂಡಕೊಂಡು ಒಳಗ ಬರ್ತದಲ್ಲ, ಅದು ಕೆಟ್ಟದ್ದು." ಆಮೇಲೆ ಭಾಲ್ಕಿಯ ಯಾರೋ ಮುದುಕರಿಂದ ಮಂದ್ರದಲ್ಲಿ ಆಲಾಪ ಹಾಡಿಸಿ ತಂದರು. ತಬಲಾ ಇಲ್ಲ, ತಾಳ ಇಲ್ಲ, ಪದವೂ ಇಲ್ಲ. ಪದದಲ್ಲಿ ಸ, ಚ ಬಂದರೆ ಚುಚ್ಚುತ್ತದಂತೆ. ಅದೇ ಎಂಟು ನಿಮಿಷದ ಆಲಾಪವನ್ನು ಒಂದೊಂದು ಗುಟುಕಾಗಿ ತಿಂಗಳುಗಟ್ಟಲೆ ಹಚ್ಚಿದರು. ಮುಂದೆ ಹೋಗಿ ಎಂದರೆ ಹೋಗಲೊಲ್ಲರು.

"ಒಂದು ಲಿಸ್ಟ್ ಬರಕೊಡ್ರಿ," ಎಂದು ನಾನು ಬೆನ್ನು ಹತ್ತಿದೆ. "ಯಾವ ಹಾಡು, ಎಷ್ಟು ವಾಲ್ಯೂಮ್, ಎಷ್ಟು ನಿಮಿಷ. ಗುರುವಾರದ ತನಕಾ ಕಾಯೋದು ಯಾಕ? ದಿನಾ ನಾನೇ ಹಚ್ತೇನಿ."

"ಲಿಸ್ಟಿನಾಗ ಏನದರಿ? ನಿನ್ನಿ ನಡದದ್ದು ಇವತ್ತ ನಡಿಯಲ್ಲ. ಮಾರಿ ನೋಡ್ಬೇಕು."

"ನನಗ ಮುಖ ನೋಡ್ಲಾಕ ಬರಲ್ಲ ಅಂತೀರೇನು? ನಲವತ್ತು ವರ್ಷ ಕ್ಲಾಸ್ ತಗೊಂಡೀನಿ."

ಅವರು ಟವೆಲಿನ ಅಂಚು ನೋಡುತ್ತ, "ಮೇಡಂರಿ, ಜರಾ ಚಹಾ ಮಾಡ್ತೀರೇನು?" ಎನ್ನುವರು.

ಪ್ರತಿ ಸಲವೂ ಇದೇ. ಆಲಾಪ ಇನ್ನೇನು ಏರಬೇಕು ಎನ್ನುವಾಗ ಚಹಾ. ಮನೆಗೆ ಬಂದವರಿಗೆ ಚಹಾ ಇಲ್ಲವೆನ್ನಲಾದೀತೆ? ಇಡೀ ಸ್ಕೂಲನ್ನು ಆಡಿಸಿದ ನಾನು ಒಲೆಯ ಮುಂದೆ ಪಾತ್ರೆಗೆ ಬಟ್ಟೆ ಸುತ್ತಿ ಸದ್ದಾಗದಂತೆ ಚಹಾ ಕುದಿಸುತ್ತ ನಿಲ್ಲುವೆ, ಒಳಗೆ ಅವರಿಬ್ಬರು. ಒಮ್ಮೊಮ್ಮೆ ಸುಶಿ ನಕ್ಕದ್ದೂ ಕೇಳಿಸುತ್ತಿತ್ತು. ನನಗೆ ಹೊಟ್ಟೆಯುರಿಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಈ ಕೆಲಸಕ್ಕೆ ಹೇಗೆ ಬಂದಿರೆಂದು ಒಮ್ಮೆ ಕೇಳಿದ್ದೆ. ಕಮಠಾಣದ ಒಂದು ಮದುವೆ. ಊಟದ ಪಂಕ್ತಿಯ ತಲೆಯ ಮೇಲೇ ಇವರ ಭೋಂಗಾ. ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡ ಮಗಳನ್ನು ಕರೆದುಕೊಂಡು ಬಂದು, "ಅಣ್ಣಾ, ಜರಾ ಕಮ್ಮಿ ಮಾಡ್ರಿ, ಹುಡಗಿಗಿ ತಾಳಲ್ಲ," ಎಂದಳಂತೆ. ಸುತ್ತಲಿದ್ದವರು ನಕ್ಕರು.

"ನಾ ಏರಸಿದೆರಿ ಮೇಡಂ," ಎಂದರು.

"ಆಮೇಲೆ?"

"ಎದ್ದು ಹೋದ್ರು. ಎಲಿ ಹಾಕಿತ್ತು. ಉಣ್ಣಲಿಲ್ಲ."

ಅಷ್ಟೇ. ಬೇರೆಯವರ ಮದುವೆಯಲ್ಲಿ ಎಲೆಯ ಮುಂದಿನಿಂದ ತಾಯಿ-ಮಗಳಿಬ್ಬರನ್ನೂ ಎಬ್ಬಿಸಿದ ಪಾಪವನ್ನು ಅವರು ಮತ್ತೆ ಮಾತಾಗಿಸಲಿಲ್ಲ. ನಾನು ಕೆದಕಿದೆ. ಚಹಾ ಕೇಳಿದರು.

ಔರಾದದ ಸಂಗತಿ ಹೇಳದಿದ್ದರೆ ಅವರ ಧೈರ್ಯ ನಿಮಗೆ ತಿಳಿಯುವುದಿಲ್ಲ. ಅಲ್ಲಿ ವಿಶೇಷ ಮಕ್ಕಳಿಗಾಗಿ ಒಂದು ಸಣ್ಣ ಹಗಲುಶಾಲೆ ಇತ್ತು. ಮಂಗಳವಾರ ಅಲ್ಲಿಗೂ ಹೋಗಿ ಅವರು ಮಕ್ಕಳ ಮುಖ ನೋಡಿ ಸಂಗೀತ ಹಚ್ಚುತ್ತಿದ್ದರು. ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಅರ್ಧಕ್ಕರ್ಧ ಮಕ್ಕಳು ಕಿವಿ ಮುಚ್ಚಿಕೊಳ್ಳುವಂಥವರು. ಆದರೆ ಮುಖ್ಯ ಅತಿಥಿಯನ್ನು ಬಾಜಾ ಇಲ್ಲದೆ ಬರಮಾಡಿಕೊಂಡರೆ ಶಾಲೆಯ ಮರ್ಯಾದೆ ಏನಾಗಬೇಕು? ಕಮಿಟಿಯವರು ಬ್ಯಾಂಡ್ ಕರೆಸಿದ್ದರು. ಹದಿನೈದು ಜನ, ನಡುವೆ ಹಂಡೆಯಂಥ ಡ್ರಮ್ಮು. ಬ್ಯಾಂಡಿನವರೆಲ್ಲ ಇವರ ಹಳೆಯ ಪರಿಚಯದವರು.

"ಏ, ಇಲ್ಯಾಕ ನಿಂತೀರಿ?" ಎಂದು ಇವರು ಮುಂದೆ ಹೋದರು. "ಸಾಹೇಬ್ರು ಬಸ್‌ಸ್ಟ್ಯಾಂಡಿನಾಗ ಇಳಿಯೋರಿದ್ದಾರ. ನಡೀರಿ, ನಡೀರಿ, ಟೈಮ್ ಆತು!"

"ಕಾರ್ ಇಲ್ಲೇನು ಅವರಿಗಿ?"

"ಸಾದಾ ಮನುಷ್ಯಾ ಅದಾರ. ಬಸ್ಸಿನಾಗೇ ಬರ್ತಾರ."

ಹದಿನೈದು ಜನರೂ ಬಸ್‌ಸ್ಟ್ಯಾಂಡಿಗೆ ಓಡಿದರು. ಬೀದರ ಬಸ್ಸು ಬಂತು. ಮೊದಲು ಇಳಿದ ಸಫಾರಿ ಸೂಟಿನವರನ್ನು ಸುತ್ತುಗಟ್ಟಿ ಪಾಪ, ಇಪ್ಪತ್ತು ನಿಮಿಷ ಬಾರಿಸಿದರಂತೆ. ಅವರು ಸಂತೆಗೆ ಎಮ್ಮೆ ನೋಡಲು ಬಂದಿದ್ದವರು. ಇತ್ತ ಅತಿಥಿ ಕಾರಿನಲ್ಲಿ ಬಂದು ಸದ್ದಿಲ್ಲದೆ ಇಳಿದರು. ಮಕ್ಕಳು ಕಿವಿಯಿಂದ ಕೈ ತೆಗೆದು ಅವರಿಗೆ ಹೂವು ಕೊಟ್ಟರು. ನಾನು ಆ ದಿನ ನಕ್ಕಷ್ಟು ಇತ್ತೀಚೆಗೆ ನಕ್ಕಿಲ್ಲ.

ಮರುವಾರ ಕಮಿಟಿಯವರು, ಶಾಲೆಯ ಮಾನ ಕಳೆದಿರಿ, ಇನ್ನು ಬರುವುದು ಬೇಡ ಎಂದರು. ಇವರು ವಾದ ಮಾಡಲಿಲ್ಲ. ನಾನು ಒಂದು ಲೆಟರ್ ಬರೆಯುತ್ತೇನೆ ಎಂದೆ. "ಬ್ಯಾಡ್ರಿ ಮೇಡಂ, ಇಂಗ್ಲಿಷ್‌ನಾಗ ಬರದ್ರ ಮತ್ತ ಅಕ್ಷರ ಚಂದ ಅವ ಅಂತಾರ." ಆ ಮಕ್ಕಳಿಗೆ ಈಗ ಯಾರು ಏನು ಕೇಳಿಸುತ್ತಾರೋ. ಹೋಪ್‌ಲೆಸ್ ಜನ.

ಕಳೆದ ಚಳಿಗಾಲದ ಒಂದು ಗುರುವಾರ ನಾನು ಚಹಾದ ಟ್ರೇ ಹಿಡಿದು ಒಳಗೆ ಬಂದಾಗ ಸುಶಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನೋವಾಯಿತೇನೋ ಎಂದು ಗಾಬರಿಯಾದೆ.

"ಮುಗೀತು ಅಕ್ಕಾ," ಎಂದಳು. "ಪೂರಾ ಕೇಳಿದೆ. ಎಂಡ್ ತನಕಾ."

ಎರಡು ವರ್ಷ ನಾನು ಕಾದ ಆ ಎಂಟು ನಿಮಿಷ ನಡೆದಾಗ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ! "ಇನ್ನೊಮ್ಮೆ ಹಚ್ರಿ, ಈಗಲೇ, ನಾನೂ ಕೂಡ್ತೇನಿ," ಎಂದೆ. ಅವರು ವಾಚು ಕಟ್ಟಿಕೊಳ್ಳುತ್ತ, "ಇವತ್ತಿಗಿ ಸಾಕ್ರಿ. ತಾಯಿ ದಣದಾರ," ಎಂದರು. ಗೇಟಿನ ತನಕ ಹಿಂದೆ ಹೋಗಿ ಜಗಳಾಡಿದೆ. ಬೇಕೆಂದೇ ನನ್ನನ್ನು ಹೊರಗಿಡುತ್ತೀರಿ ಎಂದೆ. ಅವರು ಏನೋ ಹೇಳಲು ಬಾಯಿ ತೆರೆದು, "ಬಸ್ ಹೋಗ್ತದರಿ," ಎಂದು ನಡೆದುಬಿಟ್ಟರು.

ಆಮೇಲೆ ಒಂದೆರಡು ಗುರುವಾರ ಬರಲಿಲ್ಲ, ಮೈಯಲ್ಲಿ ಹುಷಾರಿಲ್ಲವೆಂದರು. ಮೂರನೆಯ ವಾರ ಅಳಿಯನ ಫೋನು ಬಂತು. ಎದೆನೋವು, ಅಷ್ಟೇ.

ನಾನು ಮಣ್ಣಿಗೆ ಹೋದೆ. ಭಾಲ್ಕಿಯ ಆ ಓಣಿಯ ಮೂಲೆಯಿಂದಲೇ ನೆಲ ನಡುಗುತ್ತಿತ್ತು. ತಾಲ್ಲೂಕಿನ ಸೌಂಡ್ ಸರ್ವಿಸ್ಸಿನವರೆಲ್ಲ ತಮ್ಮ ತಮ್ಮ ಸೆಟ್ ತಂದಿದ್ದರು. ಮುಂದೆ ಎರಡು ಟ್ರಾಲಿ ತುಂಬ ಪೆಟ್ಟಿಗೆಗಳು, ಹಿಂದೆ ಭಜನೆಯವರು, ಒಬ್ಬೊಬ್ಬರ ಕೈಯಲ್ಲೂ ತಾಳ, ಎಲ್ಲರ ಬಾಯಿಗೂ ಮೈಕು. ನಡುವೆ, ಕುರ್ಚಿಯ ಮೇಲೆ, ಹೂವಿನಲ್ಲಿ ಅವರು. ನನ್ನ ಎದೆಗೂಡು ಅದುರಿತು. ಅಳಿಯನ ತೋಳು ಹಿಡಿದು ಕೂಗಿದೆ, "ಅವರಿಗೆ ಸದ್ದು ತಾಳ್ತಿರಲಿಲ್ಲ, ನಿಮಗ ಗೊತ್ತಿಲ್ಲೇನು?"

"ಗೊತ್ತದರಿ ಮೇಡಂ," ಅವನ ಕಣ್ಣಲ್ಲಿ ನೀರಿತ್ತು. "ಖರೆ ಮಂದಿ ಏನಂತಾರ? ಇಡೀ ತಾಲ್ಲೂಕಿಗಿ ಆವಾಜ ಕೊಟ್ಟವನ ಮಣ್ಣು ಮೂಕಾಗಿ ಹೋತು ಅಂತಾರ. ಎಲ್ಲಾರೂ ಪ್ರೀತಿಲಿ ತಂದಾರ, ಹ್ಯಾಂಗ ಬ್ಯಾಡ ಅನ್ಲಿ?"

ಅವನ ತೋಳು ಬಿಟ್ಟೆ. ಸಿಟ್ಟನ್ನೆಲ್ಲ ಬಸ್ಸಿನಲ್ಲಿ ಹೊತ್ತುಕೊಂಡು ಮನೆಗೆ ಬಂದೆ. ಸ್ನಾನ ಮಾಡಿದವಳೇ ಸುಶಿಯ ಕೋಣೆಗೆ ಹೋಗಿ ಶುರುಮಾಡಿದೆ. ಟ್ರಾಲಿ, ಪೆಟ್ಟಿಗೆ, ತಾಳ, ಈ ಜನಕ್ಕೆ ಬುದ್ಧಿ ಎಂದಾದರೂ ಬರುತ್ತದೆಯೇ, ಅವರಾದರೂ ಬದುಕಿದ್ದಾಗ ನೆಟ್ಟಗೆ ಒಂದು ಲಿಸ್ಟ್ ಬರೆದುಕೊಟ್ಟರೇ, ಈಗ ನಾನು ಏನು ಹಚ್ಚಲಿ, ಎಷ್ಟು ಹಚ್ಚಲಿ... ಸುಶಿ ಎರಡೂ ಅಂಗೈಗಳನ್ನು ಕಿವಿಗೆ ಒತ್ತಿಕೊಂಡಿದ್ದಳು. ಕಣ್ಣು ಮುಚ್ಚಿದ್ದಳು.

"ಏನಾತು? ಏನು ಕೇಳಸ್ತು?" ಸುತ್ತ ನೋಡಿದೆ. ಗಿರಣಿಯೂ ಬಂದ್ ಆಗಿತ್ತು. ಮನೆಯಲ್ಲಿ ಏನೂ ಸದ್ದಿರಲಿಲ್ಲ.

"ಅಕ್ಕಾ," ಎಂದಳು, ಕಣ್ಣು ತೆರೆಯದೆ. "ನಿನ್ನ ಧ್ವನಿ."

ನಾನು ಹೊಸ್ತಿಲಿಗೆ ಹಿಂದೆ ಸರಿದೆ.

"ಯಾವತ್ತಿಂದ?"

"ಮೊದಲಿಂದ. ಅವರು ಬಂದ ಫಸ್ಟ್ ದಿನಾನೇ ಕಂಡು ಹಿಡದ್ರು. ನೀ ಮಾತಾಡಿದಾಗ ನನ್ನ ಕೈ ನೋಡಿದ್ರು. ನಾ ಬ್ಯಾಡ ಅಂದೆ, ಹೇಳಬ್ಯಾಡ್ರಿ, ಅಕ್ಕ ಸತ್ತೇ ಹೋಗ್ತಾಳ ಅಂದೆ. ಅದಕ್ಕೇ ಚಹಾ."

ಕ್ಲಾಸಿನ ಕೊನೆಯ ಬೆಂಚಿಗೂ ಗಾಜಿನಂತೆ ತಲುಪಬೇಕು ಎಂದು ಸಿಸ್ಟರ್‌ಗಳು ತಿದ್ದಿ ಕೊಟ್ಟ ಧ್ವನಿ ನನ್ನದು. ಎಲೊಕ್ಯೂಶನ್‌ನಲ್ಲಿ ಕಪ್ ಗೆದ್ದ ಧ್ವನಿ. ಅದರ ಮೊನೆಯ ಮೇಲೇ ನಾನು ಬದುಕಿದ್ದು. ಟ್ವೀಟರ್ ಕಿತ್ತರು, ಭೋಂಗಾ ತಿರುಗಿಸಿದರು, ಇಡೀ ಬ್ಯಾಂಡನ್ನು ಬಸ್‌ಸ್ಟ್ಯಾಂಡಿಗೆ ಅಟ್ಟಿದರು. ಆ ಮನುಷ್ಯನಿಗೆ ನನ್ನ ಮುಂದೆ ಒಂದು ಮಾತು ಆಡಲು ಬಾಯಿ ಬರಲಿಲ್ಲವೇ? ತಂಗಿ ಬೇಡವೆಂದರೆ ಏನಾಯಿತು? ಟೀಚರಮ್ಮ ಎಂಬ ಮರ್ಯಾದೆಯೇ? ಹೇಳಿದ್ದರೆ ನಾನು ಸಾಯುತ್ತಿರಲಿಲ್ಲ. ಒಂದು ವಾರ ಮುನಿಸಿಕೊಳ್ಳುತ್ತಿದ್ದೆ, ಎಂಟನೆಯ ದಿನ ಕಲಿಯುತ್ತಿದ್ದೆ. ಅವರು ಎದುರಿಗೆ ಅಂಗೈ ಇಟ್ಟುಕೊಂಡು ಕಲಿಸುತ್ತಿದ್ದರು. ಎರಡು ವರ್ಷ ವ್ಯರ್ಥವಾಯಿತು. ನನ್ನ ಸಿಟ್ಟು ಇದಕ್ಕೆ.

ಈಗ ಕಲಿಸುವವರಿಲ್ಲದೆ ಕಲಿಯುತ್ತಿದ್ದೇನೆ. ಅಡುಗೆಮನೆಯ ಬಾಗಿಲು ಮುಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡು ಮಾತಾಡುತ್ತೇನೆ. ಧ್ವನಿ ಎದೆಯಲ್ಲಿ ತಗುಲಿದರೆ ಸರಿ, ಮೂಗಿನಲ್ಲಿ ತಗುಲಿದರೆ ತಪ್ಪು. ದಿನಾ ತಪ್ಪುತ್ತದೆ. ಎಪ್ಪತ್ತು ದಾಟಿದ ಗಂಟಲು ಹೇಳಿದ ಮಾತು ಕೇಳುವುದಿಲ್ಲ. ಪಿಸುಗುಟ್ಟಿದರೆ ಸ, ಚಗಳೆಲ್ಲ ಇನ್ನೂ ಹರಿತವಾಗುತ್ತವೆ. ಸುಶಿ ತಾಳ್ಮೆಯಿಂದ ತಲೆಯಾಡಿಸುತ್ತಾಳೆ, ಕೈ ಕಿವಿಗೆ ಹೋಗುತ್ತದೆ, ನಾನು ಎದ್ದು ಬರುತ್ತೇನೆ. ಆಲಾಪ ಹಚ್ಚಲು ಹೋದರೆ ಗುಂಡಿ ನನ್ನ ಕೈಯಲ್ಲಿ ಜಿಗಿಯುತ್ತದೆ. ಎರಡು ತಿಂಗಳಲ್ಲಿ ನಾವು ಮತ್ತೆ ಒಂದು ನಿಮಿಷಕ್ಕೆ ಇಳಿದಿದ್ದೇವೆ.

ಈ ಗುರುವಾರ ಮಧ್ಯಾಹ್ನ ಅವಳ ಕೋಣೆಯ ಹೊಸ್ತಿಲಲ್ಲಿ ನಿಂತೆ. ಸ್ಪೀಕರಿನ ಮೇಲೆ ದಿಂಬು ಹೊದಿಸಿತ್ತು. ಯಾವುದನ್ನು ಹಚ್ಚಬೇಕೆಂದು ಬೆಳಗಿನಿಂದ ತಲೆ ಕೆಡಿಸಿಕೊಂಡು ಏನೂ ಹೊಳೆದಿರಲಿಲ್ಲ. ಉಸಿರನ್ನು ಕೆಳಗೆ ಬಿಟ್ಟು, ಧ್ವನಿ ಬಂತೋ ಇಲ್ಲವೋ ನನಗೇ ತಿಳಿಯದಷ್ಟು ತಗ್ಗಿಸಿ ಕೇಳಿದೆ:

"ಯಾವ ಹಾಡು ಹಚ್ಚಲಿ, ಸುಶಿ?"

ಅವಳು ತಲೆಯೆತ್ತಿದಳು. ಕೈಗಳು ಮಡಿಲಲ್ಲೇ ಇದ್ದವು.

"ಏನಂದಿ ಅಕ್ಕಾ? ಕೇಳಸಲಿಲ್ಲ," ಎಂದಳು. "ಜರಾ ಹತ್ತಿರ ಬಾ."